ಮೊದಲ ನೀರು

ದೇಶದ ಸಂವಿಧಾನ ದೆಹಲಿಯಲ್ಲಿ ಇರಬಹುದು. ಹಾನುಬಾಳಿನಿಂದ ಒಳಕ್ಕೆ ಮಣ್ಣುರಸ್ತೆ ಹಿಡಿದರೆ ಸಿಗುವ ಶಾಂತಮಲ್ಲಪ್ಪನ ಮನೆಯ ಸಂವಿಧಾನ ಇದ್ದದ್ದು ಬಚ್ಚಲುಮನೆಯಲ್ಲಿ. ಹೊರಗಿನಿಂದ ಬೆಂಕಿ ಹಾಕುವ ಮಣ್ಣಿನ ಒಲೆಯ ಮೇಲೆ ಕುತ್ತಿಗೆಯವರೆಗೆ ಹೂತು ಕೂರಿಸಿದ ಒಂದು ತಾಮ್ರದ ಹಂಡೆ, ಪಕ್ಕದಲ್ಲಿ ಕೂತು ಮೀಯಲು ಒಂದು ಕಲ್ಲು, ಚಿಲಕವಿರುವ ಒಂದು ಬಾಗಿಲು. ಈ ಮೂರರಿಂದಲೇ ಆ ಮನೆಯಲ್ಲಿ ಯಾರು ಯಾರೆಂಬುದು ತೀರ್ಮಾನವಾಗುತ್ತಿತ್ತು.

ಮೊದಲ ನೀರು ಯಜಮಾನನದು. ಶಾಂತಮಲ್ಲಪ್ಪ ಮೀಯುವ ತನಕ ಹಂಡೆಗೆ ಇನ್ನೊಬ್ಬರ ತಂಬಿಗೆ ಮುಳುಗುವಂತಿಲ್ಲ. ಆಮೇಲೆ ಅವನ ತಮ್ಮ, ಮದುವೆಯಾಗದೆ ಉಳಿದ ಏಕಾಂತಯ್ಯ. ಆಮೇಲೆ ಶಾಂತಮಲ್ಲಪ್ಪನ ದೊಡ್ಡ ಮಗ. ಆಮೇಲೆ ಚಿಕ್ಕ ಮಗ ಧರ್ಮ. ಗಂಡಸರೆಲ್ಲ ಮುಗಿದ ಮೇಲೆ ಹೆಂಗಸರು: ಅತ್ತೆ ಸತ್ತುಹೋಗಿದ್ದರಿಂದ ಮೊದಲು ದೊಡ್ಡ ಸೊಸೆ, ಅವಳ ಮಕ್ಕಳು, ಅದಾದ ಮೇಲೆ ಚಿಕ್ಕ ಸೊಸೆ. ಅಷ್ಟು ಹೊತ್ತಿಗೆ ಹಂಡೆಗೆ ಮತ್ತೆ ಮತ್ತೆ ತಣ್ಣೀರು ಸುರಿದು ಸುರಿದು, ಬಿಸಿನೀರೆಂಬುದು ಒಂದು ಗೌರವದ ಮಾತಾಗಿ ಉಳಿದಿರುತ್ತಿತ್ತು. ಎಲ್ಲರಿಗಿಂತ ಕೊನೆಗೆ ಹಾಲಮ್ಮ. ಕೋಳಿ ಕೂಗುವ ಮುಂಚೆ ಎದ್ದು, ಬಾವಿಯಿಂದ ನೀರು ಸೇದಿ, ಹಂಡೆ ತುಂಬಿಸಿ, ಒಲೆ ಉರಿಸುತ್ತಿದ್ದವಳೂ ಹಾಲಮ್ಮನೇ.

ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಎಂಟುನೂರು ವರ್ಷಗಳಿಂದ ಹಾಡಿಕೊಂಡು ಬಂದ ಜನ ಇವರು. ಹಾಡು ಪೂಜೆಯ ಕೋಣೆಯಲ್ಲಿ ನಡೆಯುತ್ತಿತ್ತು, ಸರದಿ ಬಚ್ಚಲಿನಲ್ಲಿ. ಎರಡೂ ಕೋಣೆಗಳ ನಡುವೆ ಗಟ್ಟಿಯಾದ ಗೋಡೆ ಇತ್ತು.

ಹೆಂಗಸರಿಗೆ ಆ ಮನೆಯಲ್ಲಿ ಹೆಸರಿರಲಿಲ್ಲ. ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು. ಹಾಲಮ್ಮನಿಗೆ ಮಾತ್ರ ಹೆಸರಿತ್ತು, ಅದೂ ಅರ್ಧ. ಕೆಲಸ ಹೇಳಲು ದೂರದಿಂದ ಕೂಗಬೇಕಲ್ಲ, ಅದಕ್ಕೆ "ಏ ಹಾಲಿ!" ಎಂದು ಕೂಗುತ್ತಿದ್ದರು. ನೋಡಿದವರು ಅವಳನ್ನು ಕೆಲಸದವಳೆಂದೇ ತಿಳಿಯುತ್ತಿದ್ದರು. ಅವಳು ಕೆಲಸದವಳಲ್ಲ. ಶಾಂತಮಲ್ಲಪ್ಪನ ಅಪ್ಪನ ಕಿರಿಯ ತಮ್ಮ, ಮೊದಲ ಹೆಂಡತಿ ಸತ್ತ ಮೇಲೆ, ತಲೆ ನರೆತ ವಯಸ್ಸಿನಲ್ಲಿ ಆಲೂರು ಕಡೆಯಿಂದ ಕಟ್ಟಿಕೊಂಡು ಬಂದ ಹದಿನಾರರ ಹುಡುಗಿ. ಆತ ಬೇಗ ಸತ್ತ. ಇವಳು ಉಳಿದಳು. ಈಗ ಅವಳಿಗೆ ಐವತ್ತು ತುಂಬಿರಲಿಲ್ಲ, ಶಾಂತಮಲ್ಲಪ್ಪನಿಗೆ ಅರವತ್ತು ದಾಟಿತ್ತು. ಸಂಬಂಧದಲ್ಲಿ ಅವಳು ಅವನಿಗೆ ಚಿಕ್ಕಮ್ಮ. ಆ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಚಿಕ್ಕವಳ ಹೆಸರು ಚಂದ್ರಿಕಾ. ಧರ್ಮನ ಹೆಂಡತಿ. ಮದುವೆಗೆ ಮುಂಚೆಯೇ ಟಿ.ಸಿ.ಎಚ್. ಮುಗಿಸಿ ಅರ್ಜಿ ಹಾಕಿದ್ದಳು. ತೊಂಬತ್ತೇಳರ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ನಡುವೆ, ಕೆಲಸ ಬಂತು. ಸಕಲೇಶಪುರದ ಅಂಚಿನಲ್ಲಿರುವ ಸರ್ಕಾರಿ ಶಾಲೆ. ಸೋಮವಾರ ಹತ್ತು ಗಂಟೆಯೊಳಗೆ ಹಾಜರಾಗಬೇಕು. ಅದಕ್ಕೆ ಸಿಗುವುದು ಏಳೂವರೆಯ ಬಸ್ಸೊಂದೇ.

ಶಾಂತಮಲ್ಲಪ್ಪ ಕೆಲಸಕ್ಕೆ ಹೋಗಬೇಡ ಎನ್ನಲಿಲ್ಲ. ಸೊಸೆ ಮೇಡಂ ಆಗುವುದು ಅವನಿಗೂ ಹಿತವಾಗಿಯೇ ಇತ್ತು. ಅವನು ಹೇಳಿದ್ದು ಇಷ್ಟೇ: "ಮನೆ ಕೆಲ್ಸ ಮುಗ್ಸಿ, ರೊಟ್ಟಿ ತಟ್ಟಿಟ್ಟು ಹೋಗ್ಲಿ."

ರೊಟ್ಟಿ ತಟ್ಟಲು ಅಡುಗೆಮನೆಗೆ ಹೋಗಬೇಕು. ಅಡುಗೆಮನೆಗೆ ಹೋಗಲು ಸ್ನಾನವಾಗಿರಬೇಕು. ಸ್ನಾನಕ್ಕೆ ಅವಳ ಸರದಿ ಬರಬೇಕು. ಸರದಿ ಶುರುವಾಗಬೇಕಾದರೆ ಶಾಂತಮಲ್ಲಪ್ಪ ಏಳಬೇಕು, ಕಾಫಿ ಕುಡಿಯಬೇಕು, ರೇಡಿಯೋದಲ್ಲಿ ವಾರ್ತೆ ಕೇಳಬೇಕು, ಕಣದಲ್ಲಿ ಹರವಿದ ಕಾಫಿಯ ಸುತ್ತ ಒಂದು ಸುತ್ತು ಬರಬೇಕು, ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ನಿಲ್ಲಬೇಕು. ಡಿಸೆಂಬರಿನಲ್ಲಿ ಆ ಬೆಟ್ಟದ ಮಗ್ಗುಲಿಗೆ ಬಿಸಿಲು ಬರುವುದೇ ಎಂಟಕ್ಕೆ. ಸರ್ಕಾರ ಕೊಟ್ಟ ಕೆಲಸ ಒಂದು ಹಂಡೆಯ ಹಿಂದೆ ಸಾಲಿನಲ್ಲಿ ನಿಂತಿತ್ತು.

"ಮಾವಂಗೆ ನೀವೇ ಹೇಳ್ರಿ," ಎಂದಳು ಚಂದ್ರಿಕಾ ಗಂಡನಿಗೆ. "ಆರೂವರೆಗೆ ನಂಗೆ ಎರಡು ತಂಬಿಗೆ ಬಿಸ್ನೀರು ಸಾಕು."

"ಹೇಳ್ತೀನಿ ಕಣೆ. ಅಪ್ಪ ಒಳ್ಳೆ ಮೂಡಲ್ಲಿರ್ಬೇಕು."

"ನಿಮ್ಮಪ್ಪ ಒಳ್ಳೆ ಮೂಡಲ್ಲಿರೋದು ಸ್ನಾನ ಆದ್ಮೇಲೆ."

"ಅದೂ ನಿಜ."

"ಹಾಸನದಾಗೆ ಮೈಕ್ ಹಿಡ್ಕೊಂಡು ಸರ್ಕಾರ ಉರುಳಿಸ್ತೀವಿ ಅಂತ ಕೂಗಿ ಬಂದೋರು ನೀವು. ಎರಡು ತಂಬಿಗೆ ನೀರು ಕೇಳಕ್ಕಾಗಲ್ವಾ?"

"ಸರ್ಕಾರ ಬೇರೆ ಕಣೆ," ಎಂದ ಧರ್ಮ, ತುಂಬ ಪ್ರಾಮಾಣಿಕವಾಗಿ. "ಅಪ್ಪ ಬೇರೆ."

ಧರ್ಮ ಹಾನುಬಾಳಿನ ಓದು ಬಳಗದ ಸದಸ್ಯ. ಬಳಗ ಸೇರುತ್ತಿದ್ದದ್ದು ಸಿಮೋನನ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಬಿಚ್ಚಿಟ್ಟ ಟೇಪ್ ರೆಕಾರ್ಡರುಗಳ ನಡುವೆ. ಸಿಮೋನನ ಹಿರಿಯರು ಮಂಗಳೂರು ಕಡೆಯಿಂದ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಬಂದವರು. ಇವನು ಸ್ಕ್ರೂಡ್ರೈವರ್ ಹಿಡಿದ, ಜತೆಗೆ ಪುಸ್ತಕ ಹಿಡಿದ. ಆ ತಿಂಗಳು ಬಳಗ ಓದುತ್ತಿದ್ದದ್ದು ಹಳೆಯ ಚೀನಾದ ಕುಟುಂಬ ಪದ್ಧತಿಯ ಮೇಲೆ ಯಾರೋ ಬರೆದ ಒಂದು ತೆಳು ಪುಸ್ತಿಕೆ. ಮನುಷ್ಯ ಅಲ್ಲಿ ಮನುಷ್ಯನಾಗಿರದೆ ಯಾರದೋ ಮಗ, ಯಾರದೋ ತಮ್ಮ, ಯಾರದೋ ಸೊಸೆ ಮಾತ್ರ ಆಗಿದ್ದನೆಂದು ಅದರಲ್ಲಿ ಕಟುವಾಗಿ ಬರೆದಿತ್ತು.

ಧರ್ಮ ತನ್ನ ಕಷ್ಟ ಹೇಳಿಕೊಂಡ.

"ನೇರ ಹೇಳಿದ್ರೆ ನಿಮ್ಮಪ್ಪ ಎಗರ್ತಾರೆ ಮಾರಾಯ," ಎಂದ ಸಿಮೋನ್. "ಕನ್ನಡಿ ತೋರಿಸುವ. ಭಾನುವಾರ ನಿಮ್ಮ ಜಗಲೀಲಿ ಇದನ್ನ ಓದುವ. ಚೀನಾದ ಕತೆ ಕೇಳಿ ಅವರಿಗೇ ನಾಚಿಕೆ ಆಗ್ಬೇಕು."

"ಅಪ್ಪಂಗೆ ನಾಚಿಕೆ ಆಗಿದ್ದು ನಾನು ಕಂಡಿಲ್ಲ."

"ಚೀನಾ ತೋರ್ಸಿಲ್ಲ ನೀನು, ಅದಕ್ಕೆ."

ಹೀಗೆ, ಎರಡು ತಂಬಿಗೆ ನೀರು ಕೇಳಲಾಗದ ಧರ್ಮ ಇಡೀ ಚೀನಾ ದೇಶವನ್ನು ಮನೆಗೆ ಕರೆತರುವುದೆಂದಾಯಿತು.

ಭಾನುವಾರ ಸಂಜೆ ಜಗಲಿಯ ಮೇಲೆ ಶಾಂತಮಲ್ಲಪ್ಪ ಒರಗುಕುರ್ಚಿಯಲ್ಲಿ, ಏಕಾಂತಯ್ಯ ಚಾಪೆಯ ಮೇಲೆ. ಪಕ್ಕದ ತೋಟದ ಚಂದ್ರಯ್ಯ ಆಳು ಸಿಕ್ಕುತ್ತಿಲ್ಲವೆಂದು ಗೊಣಗಲು ಬಂದವನು ಕಾಫಿ ಬರುವ ಲಕ್ಷಣ ಕಂಡು ಅಲ್ಲೇ ಕೂತ. ಸೊಸೆಯರಿಬ್ಬರೂ ನಡುಮನೆಯ ಬಾಗಿಲ ಹಿಂದೆ. ಹಾಲಮ್ಮ ಅಂಗಳದ ಮೂಲೆಯಲ್ಲಿ ನಾಳೆಯ ಒಲೆಗೆ ಪುಳ್ಳೆ ಮುರಿಯುತ್ತಿದ್ದಳು.

ಸಿಮೋನ್ ಗಂಟಲು ಸರಿಮಾಡಿಕೊಂಡು ಓದಿದ: "ಆ ಮನೆಗಳಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೊದಲನೆಯ ಅಣ್ಣ, ಎರಡನೆಯ ಅಣ್ಣ, ಮೂರನೆಯ ಅತ್ತಿಗೆ ಎಂದೇ ಎಲ್ಲರ ಗುರುತು. ತಂದೆ ಕೂರುವ ತನಕ ಮಗ ಕೂರುವಂತಿಲ್ಲ. ತಂದೆ ಎದ್ದರೆ ಮಗ ಕೂತಿರುವಂತಿಲ್ಲ."

ಓದಿ, ತಲೆಯೆತ್ತಿ, ನಾಚಿಕೆ ಎಲ್ಲಾದರೂ ಮೂಡಿದೆಯೇ ಎಂದು ಯಜಮಾನನ ಮುಖ ನೋಡಿದ. ಶಾಂತಮಲ್ಲಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದಿದ್ದ.

"ಇನ್ನೊಂದ್ಸಾರಿ ಓದು," ಎಂದ.

ಸಿಮೋನ್ ಓದಿದ.

"ಎಂಥಾ ಮರ್ಯಾದಸ್ತ ಜನ ಚಂದ್ರಯ್ಯ!" ಶಾಂತಮಲ್ಲಪ್ಪನ ಕಣ್ಣು ಹೊಳೆಯುತ್ತಿತ್ತು. "ಇಂಥೋರು ನಮ್ಮ ಮೇಲೆ ಯಾಕೆ ಯುದ್ಧ ಮಾಡಿದ್ರೋ ಕಾಣೆ. ಕೂತು ಮಾತಾಡಿದ್ರೆ ಬಗೆ ಹರಿಯೋದು."

"ಯಜಮಾನ್ರೇ, ಮುಂದೆ ಕೇಳಿ," ಎಂದ ಸಿಮೋನ್ ಗಾಬರಿಯಲ್ಲಿ. "ಬೆಳಗಾದರೆ ಸೊಸೆ ಎಲ್ಲರಿಗಿಂತ ಮುಂಚೆ ಎದ್ದು, ಅತ್ತೆ ಮಾವಂದಿರ ಮುಂದೆ ಬಗ್ಗಿ ನಿಂತು ಚಹಾ ಕೊಡಬೇಕಿತ್ತು. ಅವರು ಒಂದು ಮಾತು ಹೇಳುವ ತನಕ ತಲೆ ಎತ್ತುವಂತಿರಲಿಲ್ಲ. ಇಂಥ ಮನೆಯಲ್ಲಿ ಒಬ್ಬ ವ್ಯಕ್ತಿಗೆ ತನ್ನದೆಂಬ ಆಸೆ ಇರಲಿಲ್ಲ, ತನ್ನದೆಂಬ ಮಾತು ಇರಲಿಲ್ಲ."

"ಚಾ ಅಲ್ಲ, ನಮ್ಗೆ ಕಾಫಿ," ಎಂದು ಶಾಂತಮಲ್ಲಪ್ಪ ತಿದ್ದಿದ. ಬಾಗಿಲ ಕಡೆ ತಿರುಗಿ, "ಕೇಳಿಸ್ಕೊಂಡ್ರೇನ್ರಮ್ಮ?" ಎಂದ.

"ಯಜಮಾನ್ರೇ, ಇದು ತಪ್ಪು ಅಂತ ಬರೆದಿರೋದು! ಜನ ಇದರ ವಿರುದ್ಧ ಎದ್ದು ನಿಂತ್ರು ಅಂತ!"

"ತಪ್ಪು ಅನ್ನೋದು ಬರ್ದೋನ ಅಭಿಪ್ರಾಯ ಕಣೋ ಸಿಮೋನು. ಅದನ್ನ ತೆಗೆದಾಕು. ವಿಷಯ ಮಾತ್ರ ಚೆನ್ನಾಗೈತೆ." ಅವನು ಚಂದ್ರಯ್ಯನ ಕಡೆ ತಿರುಗಿದ. "ನಾಳೆಯಿಂದ ಈ ಮನೇಲಿ ಚೀನಾ ಪದ್ಧತಿ ಚಂದ್ರಯ್ಯ. ನೀನೇ ಸಾಕ್ಷಿ. ಇಷ್ಟು ದಿನ ನಾವು ಅಡ್ಡಾದಿಡ್ಡಿ ನಡೀತಿದ್ವಿ, ಈಗ ಪುಸ್ತಕದ ಪ್ರಕಾರ."

ಧರ್ಮ ಸಿಮೋನನ ಕಡೆ ನೋಡಿದ. ಸಿಮೋನ್ ಪುಸ್ತಿಕೆಯ ರಟ್ಟು ನೋಡಿದ, ತಪ್ಪಿ ಬೇರೆ ಪುಸ್ತಕ ತಂದೆನೇನೋ ಎಂಬಂತೆ.

"ಸ್ನಾನದ ವಿಷಯ ಏನಾದ್ರೂ ಬರ್ದವ್ರಾ?" ಎಂದು ಏಕಾಂತಯ್ಯ ಚಾಪೆಯಿಂದ ಕೇಳಿದ. ಎರಡನೆಯ ನೀರಿನ ಮೇಲೆ ಅವನಿಗೆ ವರ್ಷಗಳಿಂದ ಅಸಮಾಧಾನವಿತ್ತು.

"ಸ್ನಾನ ಅಂತ ಇಲ್ಲ. ಯಾರು ಮುಂದೆ, ಯಾರು ಹಿಂದೆ ಅಂತ ಉಂಟು." ಸಿಮೋನ್ ಹಾಳೆ ಮಗುಚಿ, ಉತ್ಸಾಹ ಸತ್ತ ದನಿಯಲ್ಲಿ ಓದಿದ: "ಮನೆಯಲ್ಲಿ ಮೊದಲು ನೋಡುತ್ತಿದ್ದದ್ದು ತಲೆಮಾರು. ವಯಸ್ಸು ಆಮೇಲೆ. ಹಿಂದಿನ ತಲೆಮಾರಿಗೆ ಸೇರಿದವರು ವಯಸ್ಸಿನಲ್ಲಿ ಎಷ್ಟೇ ಕಿರಿಯರಾಗಿದ್ದರೂ ಮುಂದಿನ ತಲೆಮಾರಿನವರು ಅವರಿಗೆ ತಲೆ ಬಾಗಬೇಕು. ಚಿಕ್ಕಪ್ಪನ ಹೆಂಡತಿ ಹರೆಯದವಳಾಗಿದ್ದರೂ ಗಡ್ಡ ನರೆತ ಮಕ್ಕಳು ಅವಳ ಮುಂದೆ ನಿಂತೇ ಮಾತಾಡಬೇಕು."

"ಸರಿಯಾಗೈತೆ," ಎಂದ ಶಾಂತಮಲ್ಲಪ್ಪ, ಎದೆಯ ಮೇಲೆ ಕೈಯಿಟ್ಟು. "ತಲೆಮಾರು ಮೊದ್ಲು. ಈ ಮನೇಲಿ ಮೇಲಿನ ತಲೆಮಾರು ಅಂತ ಯಾರವ್ರೆ? ನಾನೇ."

ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಮೆದುವಾಗಿ, ಆದರೆ ಎಲ್ಲರಿಗೂ ಕೇಳುವಂತೆ.

"ಹಾಲಮ್ಮಜ್ಜಿ ಇದಾರಲ್ಲ ಮಾವ."

ಚಂದ್ರಿಕಾ ಈ ಮಾತನ್ನು ಬಾಯಿತಪ್ಪಿ ಆಡಿದ್ದಲ್ಲ. ಸಿಮೋನ್ ಓದುತ್ತಿದ್ದಾಗಲೇ ಅವಳ ತಲೆ ಲೆಕ್ಕ ಹಾಕಿತ್ತು. ಸೊಸೆಗೆ ಬೇಗ ನೀರು ಬಿಡೆಂದರೆ ಈ ಮನುಷ್ಯ ಒಪ್ಪುವುದಿಲ್ಲ. ಹಾಲಮ್ಮನಿಗೆ ಮೊದಲ ನೀರು ಸಿಕ್ಕರೆ? ಹಾಲಮ್ಮ ಎಲ್ಲರಿಗಿಂತ ಮುಂಚೆ ಏಳುವವಳು, ಕತ್ತಲಲ್ಲೇ ಎರಡು ತಂಬಿಗೆ ಸುರಿದುಕೊಂಡು ಬರುತ್ತಾಳೆ, ಬಾಗಿಲು ತೆರೆದು, ಬಾ ಮಗಾ, ನೀನೂ ಮಿಂದ್ಕೋ ಅನ್ನುತ್ತಾಳೆ. ಕೆಳಗಿನವರು ಕೆಳಗಿನವರ ಕೈ ಹಿಡಿಯುತ್ತಾರೆಂದು ಗಂಡ ದಿನಾ ಹೇಳುತ್ತಿದ್ದದ್ದನ್ನು ಅವಳು ನಂಬಿದ್ದಳು.

ಎಲ್ಲರೂ ಅಂಗಳದ ಮೂಲೆ ನೋಡಿದರು. ಹಾಲಮ್ಮನ ಕೈಯಲ್ಲಿದ್ದ ಪುಳ್ಳೆ ಅರ್ಧ ಮುರಿದು ನಿಂತಿತ್ತು.

ಚಂದ್ರಯ್ಯ ಮೊದಲು ನಕ್ಕವನು. "ಶಾಂತಮಲ್ಲಪ್ಪಾ, ನೀನು ಎರಡನೇ ನಂಬರಾಗೋಗ್ಬುಟ್ಟೆ ಕಣಯ್ಯ!" ಎಂದು ತೊಡೆ ತಟ್ಟಿಕೊಂಡ. "ಪುಸ್ತಕದ ಪ್ರಕಾರ!"

ಶಾಂತಮಲ್ಲಪ್ಪನ ಮುಖ ಬೆಂದ ಬದನೆಕಾಯಿಯಂತಾಯಿತು. ಚಂದ್ರಯ್ಯ ಇಲ್ಲದಿದ್ದರೆ ಅವನು ಚೀನಾವನ್ನು ಆ ಕ್ಷಣವೇ ತಿಪ್ಪೆಗೆ ಎಸೆಯುತ್ತಿದ್ದ. ಆದರೆ ಚಂದ್ರಯ್ಯ ಬೆಳಗಾಗುವುದರೊಳಗೆ ಹಾನುಬಾಳಿನ ಪ್ರತಿ ಅಂಗಡಿಯ ಮುಂದೆ ಇದನ್ನು ಹೇಳುವ ಪೈಕಿ. ಹಿಂದೆ ಸರಿದರೆ ಮಾತು ತಪ್ಪಿದವನಾಗುತ್ತಾನೆ, ಸರಿಯದಿದ್ದರೆ ಹಾಲಿಯ ಹಿಂದೆ ನಿಲ್ಲಬೇಕಾಗುತ್ತದೆ.

"ಆಗ್ಲಿ," ಎಂದ ಕೊನೆಗೆ, ಹಲ್ಲುಗಳ ನಡುವಿನಿಂದ. "ನಾವೇನು ಚೀನಾದೋರಿಗಿಂತ ಕಮ್ಮಿಯಾ? ನಾಳೆ ಮೊದಲ ನೀರು…" ಆ ಮಾತು ಹೊರಡಿಸಲು ಅವನು ಪಟ್ಟ ಕಷ್ಟವನ್ನು ಹೆರಿಗೆ ಮಾಡಿಸುವ ಸೂಲಗಿತ್ತಿಯರೇ ಬಲ್ಲರು. "ಚಿಕ್ಕಮ್ಮಂದು."

ಎಲ್ಲರೂ ಎದ್ದ ಮೇಲೆ ಚಂದ್ರಿಕಾ ಅಂಗಳಕ್ಕೆ ಓಡಿದಳು. "ಅಜ್ಜಿ, ನಾಳೆ ಬೇಗ ಮುಗ್ಸಿ ನಂಗೆ ಬಿಟ್ಬುಡಿ. ಏಳೂವರೆಗೆ ಬಸ್ಸು."

ಹಾಲಮ್ಮ ಪುಳ್ಳೆಯ ಕಂತೆಯನ್ನು ಅವಳ ತೋಳಿಗೆ ಹೇರಿದಳು. "ಇದನ್ನ ಒಲೆ ಹತ್ರ ಇಡು ಹೋಗು," ಎಂದಳು. "ನಾಳೆ ಮಾತು ನಾಳೆ."

ಸೋಮವಾರ ಕೋಳಿ ಕೂಗಿತು. ಹಾಲಮ್ಮ ಏಳಲಿಲ್ಲ.

ಮೊದಲ ನೀರಿನವರು ಒಲೆ ಉರಿಸುವುದುಂಟೇ? ದೊಡ್ಡವಳು ಎದ್ದು ಬಾವಿಗೆ ಹೋದಳು. ಒಲೆ ಹತ್ತಿಸಿ ಅಭ್ಯಾಸವಿಲ್ಲದೆ ಮನೆಯೆಲ್ಲ ಹೊಗೆ ತುಂಬಿಸಿದಳು. ಚಂದ್ರಿಕಾ ಆಗಲೇ ಸೀರೆ ಮಡಿಸಿಟ್ಟು, ಚೀಲ ಜೋಡಿಸಿ ಕಾಯುತ್ತಿದ್ದಳು. ಹಾಲಮ್ಮ ಎದ್ದಾಗ ಆರು ದಾಟಿತ್ತು. ಎದ್ದವಳು ಕಾಫಿ ಕೇಳಿದಳು. ಕುಡಿದು, ಲೋಟ ಅಲ್ಲೇ ಇಟ್ಟು, ಶಾಂತಮಲ್ಲಪ್ಪನ ಎಣ್ಣೆಯ ಬಟ್ಟಲನ್ನೂ ಶಾಂತಮಲ್ಲಪ್ಪನ ಗಂಧದ ಸೋಪನ್ನೂ ತೆಗೆದುಕೊಂಡು ಬಚ್ಚಲುಮನೆಗೆ ನಡೆದಳು. ಒಳಗಿನಿಂದ ಚಿಲಕ ಬಿತ್ತು.

ಹೊರಗೆ ಸಾಲು ನಿಂತಿತು. ಹೊಗೆಗೆ ಬೇಗ ಎಚ್ಚರವಾದ ಶಾಂತಮಲ್ಲಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಅವನ ಹಿಂದೆ ಏಕಾಂತಯ್ಯ ಎಂದಿಲ್ಲದ ಹರ್ಷದಲ್ಲಿ, ಅವನ ಹಿಂದೆ ದೊಡ್ಡ ಮಗ ತೂಕಡಿಸುತ್ತ.

"ನೋಡ್ದ್ಯಾ?" ಎಂದು ಧರ್ಮ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಕಣ್ಣು ಒದ್ದೆಯಾಗಿತ್ತು, ಹೊಗೆಯಿಂದಲೂ ಇರಬಹುದು. "ಅಪ್ಪ ಸಾಲಲ್ಲಿ ನಿಂತವ್ರೆ. ಇದು ಕ್ರಾಂತಿ ಕಣೆ."

"ನಿಮ್ ಕ್ರಾಂತಿಗೆ ಬಸ್ಸು ಕಾಯಲ್ಲ. ಗಂಟೆ ನೋಡ್ರಿ."

ಒಳಗೆ ತಂಬಿಗೆಯ ಸದ್ದು ಕೇಳುತ್ತಿತ್ತು. ಆತುರದ ಸದ್ದಲ್ಲ. ಒಂದು ತಂಬಿಗೆ, ಆಮೇಲೆ ಬಹಳ ಹೊತ್ತು ಮೌನ, ಆಮೇಲೆ "ಹಾ…" ಎಂಬ ಉಸಿರು, ಮತ್ತೊಂದು ತಂಬಿಗೆ. ನಡುವೆ ಹಾಡು ಬಂತು. ಹಾಲಮ್ಮ ಹಾಡುತ್ತಾಳೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಡು ನಿಂತಿತು. "ಶಾಂತಪ್ಪಾ!"

ಯಜಮಾನ ಬೆಚ್ಚಿದ. ಅವನನ್ನು ಹಾಗೆ ಕರೆಯುತ್ತಿದ್ದವರೆಲ್ಲ ಸತ್ತು ಎಷ್ಟೋ ಕಾಲವಾಗಿತ್ತು.

"ನೀರು ಆರ್ತಾ ಐತೆ ಕಣಪ್ಪ. ಒಲೆ ಸ್ವಲ್ಪ ಊದು."

"ದೊಡ್ಡವಳೇ…" ಎಂದು ಅವನು ತಿರುಗಿದ.

"ದೊಡ್ಡವಳು ಊದಿದ್ರೆ ಬರೀ ಹೊಗೆ ಬತ್ತದೆ. ನೀನೇ ಊದು. ಸಂಬಂಧದಾಗೆ ನೀನು ನಂಗೆ ಮಗ ತಾನೆ?"

ಬೇಲಿಯಾಚೆ, ಇಂಥದ್ದೇನಾದರೂ ಆದೀತೆಂದು ಬೆಳಗಿನಿಂದ ಹಲ್ಲುಜ್ಜುತ್ತಲೇ ನಿಂತಿದ್ದ ಚಂದ್ರಯ್ಯನಿಗೆ ಕೆಮ್ಮು ಬಂತು. ಶಾಂತಮಲ್ಲಪ್ಪ ಬೇಲಿ ನೋಡಿದ, ಒಲೆ ನೋಡಿದ, ಮಂಡಿಯೂರಿ ಊದುಕೊಳವೆ ಬಾಯಿಗಿಟ್ಟ. ಜೀವಮಾನವಿಡೀ ಮೊದಲ ನೀರು ಮಿಂದವನಿಗೆ ಊದುವುದೆಂದರೆ ಹೊರಕ್ಕೋ ಒಳಕ್ಕೋ ಎಂಬುದೂ ಸರಿಯಾಗಿ ತಿಳಿದಿರಲಿಲ್ಲ. ಮೊದಲ ಸಲ ಒಳಕ್ಕೆ ಎಳೆದುಕೊಂಡ. ಅವನು ಕೆಮ್ಮಿ ಮುಗಿಸುವ ಹೊತ್ತಿಗೆ ಹಣೆಯಿಂದ ಗಲ್ಲದವರೆಗೆ ಬೂದಿಯಾಗಿತ್ತು, ಆ ಮನೆತನದಲ್ಲಿ ಅಷ್ಟು ವಿಭೂತಿ ಯಾರೂ ಧರಿಸಿರಲಿಲ್ಲ.

ಏಳು ಹೊಡೆಯಿತು. ಚಂದ್ರಿಕಾ ಸಾಲು ಬಿಟ್ಟು ಬಾಗಿಲ ಬಳಿ ಹೋಗಿ ತಟ್ಟಿದಳು.

"ಅಜ್ಜೀ, ನಾನು ಚಂದ್ರಿಕಾ. ಬಸ್ಸಿಗೆ ಹೊತ್ತಾಯ್ತು. ಬಾಗ್ಲು ತೆಗೀರಿ, ಎರಡೇ ತಂಬಿಗೆ."

ಒಳಗೆ ನೀರು ಸುರಿದ ಸದ್ದು. ಆಮೇಲೆ ಹಾಲಮ್ಮನ ದನಿ, ಸಿಟ್ಟಿಲ್ಲದೆ, ಬೆಚ್ಚಗೆ.

"ನಿನ್ ಸರದಿ ಬರ್ಲಿ ತಾಳು ಮಗಾ. ನಂದು ಬರಕ್ಕೆ ಒಂದು ಜನ್ಮ ಹಿಡೀತು."

ಚಂದ್ರಿಕಾ ಬಾಗಿಲ ಮುಂದೆ ನಿಂತಳು. ಮುಚ್ಚಿದ ಬಾಗಿಲು, ಸಂದಿಯಿಂದ ಬರುವ ಹಬೆ, ಗಂಧದ ಸೋಪಿನ ವಾಸನೆ. ನಿನ್ನೆಯವರೆಗೆ ಅದರ ಒಳಗೆ ಶಾಂತಮಲ್ಲಪ್ಪ ಇರುತ್ತಿದ್ದ, ಇಂದು ಹಾಲಮ್ಮ ಇದ್ದಾಳೆ. ಹೊರಗೆ ನಿಂತವಳು ಮಾತ್ರ ತಾನೇ. ಒಳಗಿನವರನ್ನು ಬದಲಾಯಿಸಿ ಸುಮ್ಮನಾದರೆ ಚಿಲಕ ತೆರೆಯುವುದಿಲ್ಲವೆಂಬುದು ಓದು ಬಳಗ ವರ್ಷಗಟ್ಟಲೆ ಚರ್ಚಿಸಿದರೂ ಬಗೆಹರಿಸದ ವಿಷಯ. ಅವಳಿಗೆ ಅದು ಬಸ್ಸು ತಪ್ಪುವ ಭಯದಲ್ಲಿ ಅರ್ಧ ನಿಮಿಷಕ್ಕೆ ಅರ್ಥವಾಯಿತು.

ಅವಳು ಅಂಗಳದ ತೊಟ್ಟಿಗೆ ಹೋದಳು. ಮಂಜಿನಂಥ ನೀರಿನಲ್ಲಿ ಮುಖ ತೊಳೆದು, ಒಳಗೆ ಹೋಗಿ ಸೀರೆ ಬದಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

"ಎಲ್ಲಿಗೆ?" ಎಂದ ಶಾಂತಮಲ್ಲಪ್ಪ, ಕೊಳವೆ ಹಿಡಿದು ಕೂತಲ್ಲಿಂದಲೇ.

"ಇಸ್ಕೂಲಿಗೆ ಮಾವ."

"ಸ್ನಾನ?"

"ಆಗಿಲ್ಲ."

"ರೊಟ್ಟಿ?"

"ಸ್ನಾನ ಆಗಿಲ್ವಲ್ಲ ಮಾವ. ಅಡುಗೆಮನೆಗೆ ಹೆಂಗೆ ಹೋಗ್ಲಿ? ನೀವೇ ಹೇಳಿರೋದು." ಅವಳು ಬಗ್ಗಿ ನಮಸ್ಕಾರ ಮಾಡಿದಳು, ಪುಸ್ತಿಕೆಯಲ್ಲಿ ಬರೆದಿದ್ದಕ್ಕಿಂತ ಒಂದು ಗೇಣು ಹೆಚ್ಚೇ. "ಬತ್ತೀನಿ."

ಮೀಯದೆ ಹೊಸಿಲು ದಾಟಿದ ಸೊಸೆಯನ್ನು ಆ ಮನೆ ಕಂಡಿರಲಿಲ್ಲ. ತಡೆಯಲು ಯಾರು ಏಳಬೇಕೆಂದು ಎಲ್ಲರೂ ತಮಗಿಂತ ಮೇಲಿನವರ ಕಡೆ ನೋಡಿದರು. ಎಲ್ಲರಿಗಿಂತ ಮೇಲಿನವಳು ಸೋಪು ಹಚ್ಚಿಕೊಳ್ಳುತ್ತಿದ್ದಳು. ಚಂದ್ರಿಕಾ ಗದ್ದೆಯ ಬದುವಿನ ಮೇಲೆ ಓಡಿದಳು. ಬಸ್ಸು ಹೊರಡುತ್ತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು. ಹತ್ತಕ್ಕೆ ಮುಂಚೆ ಶಾಲೆಯಲ್ಲಿದ್ದಳು. ಅಲ್ಲಿ ಯಾರೂ ಅವಳನ್ನು ಮೂಸಿ ನೋಡಲಿಲ್ಲ. ಹೆಡ್‌ಮಾಸ್ಟರು, "ಬನ್ನಿ ಚಂದ್ರಿಕಾ ಮೇಡಂ, ಮೂರನೇ ಕ್ಲಾಸಿಗೆ ಆರು ತಿಂಗಳಿಂದ ಯಾರೂ ಇಲ್ಲ, ಆ ಮಕ್ಕಳು ಈಗ ಯಾರ ಮಾತೂ ಕೇಳಲ್ಲ" ಎಂದರು. ಯಾರ ಮಾತೂ ಕೇಳದ ಮಕ್ಕಳನ್ನು ನೋಡಿ ಅವಳಿಗೆ ಖುಷಿಯಾಯಿತು.

ಇತ್ತ ಮನೆಯಲ್ಲಿ ಹಾಲಮ್ಮ ಕೆಂಪಗೆ ಬೆಂದು ಹೊರಬಂದಾಗ ಎಲ್ಲರ ಹೊಟ್ಟೆ ಉರಿಯುತ್ತಿತ್ತು. ಸ್ನಾನವಾದವಳು ಇಡೀ ಮನೆಯಲ್ಲಿ ಅವಳೊಬ್ಬಳೇ. ಎಲ್ಲರೂ ಅವಳನ್ನೇ ನೋಡಿದರು.

"ಏನು? ರೊಟ್ಟಿ ನಾನ್ ತಟ್ಬೇಕಾ?" ಎಂದಳು ಹಾಲಮ್ಮ, ತಲೆ ಒರೆಸಿಕೊಳ್ಳುತ್ತ. "ಚೀನಾದಾಗೆ ಮೇಲಿನ ತಲೆಮಾರು ರೊಟ್ಟಿ ತಟ್ತದಾ? ಏನ್ ಬರ್ದವ್ರೆ ನೋಡು ಧರ್ಮಾ."

ಸರದಿಯ ಪ್ರಕಾರ ಗಂಡಸರೆಲ್ಲ ಮಿಂದು, ದೊಡ್ಡವಳು ಮಿಂದು ಅಡುಗೆಮನೆ ಸೇರಿದಾಗ ಬಿಸಿಲು ನೆತ್ತಿಗೆ ಹತ್ತಿರವಿತ್ತು. ಏಕಾಂತಯ್ಯ ಹಸಿ ಅವಲಕ್ಕಿ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಸಂಜೆ ಚಂದ್ರಿಕಾ ಬಂದಾಗ ಜಗಲಿಯ ಮೇಲೆ ಎಲ್ಲರೂ ಕೂತಿದ್ದರು. ಕ್ರಾಂತಿ ಎಲ್ಲಿಗೆ ಬಂತೆಂದು ವಿಚಾರಿಸಲು ಬಂದ ಸಿಮೋನ್ ಕೂಡ. ಶಾಂತಮಲ್ಲಪ್ಪನ ರೆಪ್ಪೆಗಳಲ್ಲಿ ಇನ್ನೂ ಬೂದಿ ಇತ್ತು. ಅವಳು ಯಾರನ್ನೂ ಏನೂ ಕೇಳದೆ ಚೀಲ ಇಟ್ಟು, ಬಾವಿಯಿಂದ ನೀರು ತಂದು ಹಂಡೆ ತುಂಬಿಸಿ, ಒಲೆ ಹತ್ತಿಸಿದಳು.

ಹಾಲಮ್ಮ ಒಲೆಯ ಪಕ್ಕ ಬಂದು ಕೂತಳು. "ಸಿಟ್ಟು ಬಂತೇನೆ?"

"ಬೆಳಗ್ಗೆ ಬಂದಿತ್ತು ಅಜ್ಜಿ. ಬಸ್ಸಲ್ಲಿ ಕೂತ್ಮೇಲೆ ಇಳೀತು."

"ಬೇಕು ಅಂತ ಮಾಡ್ಲಿಲ್ಲ ಕಣೆ. ಎದ್ದು ಬರಕ್ಕೆ ಮನ್ಸಾಗ್ಲಿಲ್ಲ. ಆ ಕಲ್ಲಿನ ಮೇಲೆ ಕೂತ್ರೆ ಎಷ್ಟು ಬೆಚ್ಚಗಿರ್ತದೆ ಅಂತ ನಂಗೇನ್ ಗೊತ್ತಿತ್ತು?"

"ಅದಕ್ಕೇ ಅಲ್ಲಿಂದ ಯಾರೂ ಬೇಗ ಏಳಲ್ಲ," ಎಂದು ಚಂದ್ರಿಕಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಯಾರದು ಬಚ್ಚಲಲ್ಲಿ?" ಎಂದು ಶಾಂತಮಲ್ಲಪ್ಪ ಜಗಲಿಯಿಂದ ಕೂಗಿದ.

"ಚಿಕ್ಕವಳು," ಎಂದ ಧರ್ಮ.

"ಈ ಹೊತ್ನಾಗಾ? ಈಗ ಯಾರ ಸರದಿ?"

ಸಂಜೆಗೆ ಸರದಿ ಎಂಬುದು ಇರಲಿಲ್ಲ. ಸಂಜೆ ಮೀಯುತ್ತಿದ್ದವರು ತೋಟದ ಲೈನು ಮನೆಗಳಲ್ಲಿ ಇರುತ್ತಿದ್ದ ಕೂಲಿಯವರು ಮಾತ್ರ. ಮೈ ಮುರಿದು ದುಡಿದವರಿಗೆ ಬೆಳಗಿನ ಸ್ನಾನದಿಂದ ಪ್ರಯೋಜನವಿಲ್ಲ. ಯಜಮಾನ ಸಿಮೋನನ ಕಡೆ ತಿರುಗಿದ. "ನಿನ್ ಪುಸ್ತಕದಾಗೆ ಇದು ಐತೇನೋ?"

"ಇದು ಇಲ್ಲ ಯಜಮಾನ್ರೇ," ಎಂದ ಸಿಮೋನ್. ಮೊದಲ ಬಾರಿಗೆ ಅವನಿಗೆ ಪುಸ್ತಿಕೆಯ ಮೇಲೆ ಸ್ವಲ್ಪ ಬೇಸರವಾದಂತಿತ್ತು.

ಚಂದ್ರಿಕಾ ಸಾವಕಾಶವಾಗಿ ಮಿಂದು, ಒದ್ದೆ ಕೂದಲು ಹರಡಿಕೊಂಡು, ಜಗಲಿಗೆ ಬಂದಳು.

"ನಾಳೆ ಬೆಳಗ್ಗೆ ಏನ್ಮಾಡ್ತ್ಯಮ್ಮ?" ಎಂದ ಶಾಂತಮಲ್ಲಪ್ಪ. ಹಸಿದ ಮನುಷ್ಯನ ದನಿಯಲ್ಲಿ ಅರ್ಧ ಗದರಿಕೆ, ಅರ್ಧ ವಿಚಾರಣೆ ಇತ್ತು.

"ಬೆಳಗ್ಗೆ ನಂಗೆ ಸ್ನಾನ ಬೇಡ ಮಾವ. ದಿನಾ ಸಂಜೇನೇ. ರಾತ್ರಿ ಅಡುಗೆ ಇನ್ಮೇಲೆ ನಂದು, ಸ್ನಾನ ಆಗಿರ್ತದಲ್ಲ."

"ಬೆಳಗ್ಗೆ ರೊಟ್ಟಿ?"

"ಬೆಳಗ್ಗೆ ಮೊದಲು ಮಿಂದೋರು ಮೊದಲು ಅಡುಗೆಮನೆಗೆ ಹೋಗ್ಬಹುದು. ಅವ್ರೇ ತಟ್ಲಿ." ಅವಳು ಕೂದಲು ಕೊಡವಿದಳು. "ಮೊದಲ ನೀರು ಯಾರದೋ ರೊಟ್ಟೀನೂ ಅವ್ರದೇ."

ಬೇಲಿಯಾಚೆಯಿಂದ ಯಾರೋ ಕೆಮ್ಮಿದರು. ಎಲ್ಲರೂ ನಗಬಾರದೆಂದು ಕೂತಿದ್ದಾಗ ಮೊದಲು ನಕ್ಕವನು ಧರ್ಮ. ಅಪ್ಪನ ಮುಂದೆ ಅವನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಹೆದರಿದ. ಹೆದರಿದ ಮೇಲೂ ಮತ್ತೊಮ್ಮೆ ನಕ್ಕ.

ಮಂಗಳವಾರ ದೊಡ್ಡವಳು ಹಠ ಹಿಡಿದು ಕತ್ತಲಲ್ಲೇ ಒಲೆ ಹತ್ತಿಸಿದಳು. ಈ ಸಲ ಹೊಗೆಯಾಗಲಿಲ್ಲ. ಹಂಡೆಯ ನೀರು ಕುದಿಯಿತು. ಶಾಂತಮಲ್ಲಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿನವರೆಗೆ ಬಂದು, ಏನೋ ನೆನಪಾದವನಂತೆ ನಿಂತ.

"ಚಿಕ್ಕಮ್ಮ," ಎಂದ, ಬಹಳ ಗೌರವದಿಂದ. "ಹೋಗಿ, ನಿಮ್ದು ಮೊದ್ಲು."

"ಅಯ್ಯೋ, ಬ್ಯಾಡ ಕಣಪ್ಪ," ಎಂದಳು ಹಾಲಮ್ಮ ಕಂಬಳಿಯೊಳಗಿಂದ. "ನೀನು ಯಜಮಾನ. ನೀನ್ ಇರುವಾಗ ನಾನು ಮಿಂದ್ರೆ ಚೆನ್ನಾಗಿರ್ತದಾ?"

"ತಲೆಮಾರು ದೊಡ್ಡದು ಚಿಕ್ಕಮ್ಮ."

"ಮನೆ ದೊಡ್ಡದು ಮಗಾ."

"ಏಕಾಂತ, ನೀನಾದ್ರೂ ಹೋಗೋ. ವರ್ಷಗಟ್ಟಲೆ ಎರಡನೇ ನೀರು ಅಂತ ಗೊಣಗ್ತಿದ್ದೆ."

"ನಂಗೆ ಹೊಟ್ಟೆ ಸರಿ ಇಲ್ಲಣ್ಣ," ಎಂದ ಏಕಾಂತಯ್ಯ, ಗೋಡೆಯ ಕಡೆ ಹೊರಳಿ.

ಅವರು ಒಬ್ಬರಿಗೊಬ್ಬರು ದಾರಿ ಬಿಡುತ್ತ, ಕೈಮುಗಿಯುತ್ತ, ಹಿರಿತನವನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತ ನಿಂತಿದ್ದಾಗಲೇ ಚಂದ್ರಿಕಾ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಬದುವಿನ ಮೇಲೆ ನಡೆಯುತ್ತಿದ್ದಳು. ಓಡಬೇಕಾದ ಅವಸರವಿರಲಿಲ್ಲ. ಹಿಂದೆ ಬಚ್ಚಲುಮನೆಯ ಬಾಗಿಲು ಹಾರುಹೊಡೆದಿತ್ತು; ಒಳಗೆ ಹಂಡೆಯ ತುಂಬ ನೀರು ಕೊತಕೊತ ಕುದಿದು, ಯಾರಿಗೂ ಬೇಡವಾಗಿ, ಒಲೆಯ ಮೇಲೆ ಉಕ್ಕುತ್ತಿತ್ತು.